ಗೋಧಿ ಒಗ್ಗದ ಮೈ: ಹುಟ್ಟಿನಿಂದ ಬಂದುದೆಷ್ಟು, ತಟ್ಟೆಯಿಂದ ಬಂದುದೆಷ್ಟು?

ಊರು ಬಿಟ್ಟು ಬಂದವರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ: “ಇಲ್ಲಿಯ ನೀರು ಮೈಗೆ ಒಗ್ಗಲಿಲ್ಲ.” ಕಾಳಿಘಾಟಿನ ಸುತ್ತಮುತ್ತ ಕೊಠಡಿ ಹಿಡಿದು, ಕಚೇರಿಗೋ ಅಂಗಡಿಗೋ ಹೋಟೆಲಿನ ಒಲೆಯ ಮುಂದಕ್ಕೋ ಹೋಗಿಬರುವ ನಾವೆಲ್ಲರೂ ಈ ಮಾತನ್ನು ಆಡಿದವರೇ, ಕೇಳಿದವರೇ. ಹೊಟ್ಟೆ ಉಬ್ಬರಿಸಿದರೆ ನೀರು. ಮುಖ ಬಿಳಿಚಿಕೊಂಡರೆ ನೀರು. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಅದಕ್ಕೂ ನೀರೇ. ಈ ಆರೋಪ ಎಷ್ಟೋ ವೇಳೆ ನಿಜವೂ ಹೌದು. ಆದರೆ ಊರು ಬಿಟ್ಟಾಗ ಬದಲಾಗುವುದು ನೀರೊಂದೇ ಅಲ್ಲ, ಅನ್ನವೂ ಬದಲಾಗುತ್ತದೆ. ಮುದ್ದೆ, ಜೋಳದ ರೊಟ್ಟಿ, ಅನ್ನ ಉಂಡು ಬೆಳೆದ ಮೈಗೆ ಮೆಸ್ಸಿನ ರೋಟಿ, ಬೆಳಗಿನ ಲೂಚಿ, ಸಂಜೆಯ ಶಿಂಗಾಡ, ರಾತ್ರಿಯ ಪರೋಟ, ಬೀದಿಯ ಚೌಮೀನ್ ಬಂದು ಸೇರುತ್ತವೆ. ಇವೆಲ್ಲಕ್ಕೂ ಮೂಲವಸ್ತು ಒಂದೇ, ಗೋಧಿ.

ಬಹುಮಂದಿಗೆ ಗೋಧಿ ಒಳ್ಳೆಯ ಆಹಾರ. ಕೆಲವರಿಗೆ ಮಾತ್ರ ಅದು ಕರುಳನ್ನು ಒಳಗಿನಿಂದ ಸವೆಸುತ್ತದೆ. ಆ ಕಾಯಿಲೆಗೆ ಸೀಲಿಯಾಕ್ ರೋಗವೆಂದು ಹೆಸರು. ಅದು ಯಾರಿಗೆ ಬರುತ್ತದೆ, ಬಂದವರಲ್ಲಿಯೂ ಏಕೆ ಬೇರೆ ಬೇರೆ ವೇಷ ತೊಡುತ್ತದೆ, ಇದರಲ್ಲಿ ತಂದೆತಾಯಿಗಳಿಂದ ಬಂದ ಪಾಲೆಷ್ಟು ಎಂಬುದನ್ನು ಈ ಪಾಠದಲ್ಲಿ ನೋಡೋಣ.

೧. ರೋಗದ ಪರಿಚಯ

ಗ್ರೀಕ್ ಭಾಷೆಯಲ್ಲಿ ಹೊಟ್ಟೆಗೆ ‘ಕೊಯಿಲಿಯ’ ಎನ್ನುತ್ತಾರೆ. ಸೀಲಿಯಾಕ್ ಎಂಬ ಮಾತು ಅದರಿಂದ ಬಂದದ್ದು. ೧೮೮೮ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಎಂಬವರು ಈ ರೋಗದ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದಿಟ್ಟರು. ಊಟದಲ್ಲಿಯೇ ಎಲ್ಲೋ ದೋಷವಿದೆ, ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕು ಎಂದು ಅವರಿಗೆ ತೋರಿತ್ತು. ಯಾವ ವಸ್ತುವಿನ ದೋಷವೆಂಬುದು ತಿಳಿಯಲು ಅರುವತ್ತು ವರ್ಷಗಳೇ ಹಿಡಿದವು. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ಗೋಧಿಯ ಮೇಲೆ ಸಂಶಯವಿತ್ತು. ಯುದ್ಧದ ಕೊನೆಯ ಚಳಿಗಾಲದಲ್ಲಿ, ಅಂದರೆ ೧೯೪೪-೪೫ರಲ್ಲಿ, ಆ ದೇಶಕ್ಕೆ ಭೀಕರ ಕ್ಷಾಮ ಬಂದು ರೊಟ್ಟಿ ಸಿಗದಂತಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರೆಂದೂ, ರೊಟ್ಟಿ ಮರಳಿ ಬಂದಾಗ ಮತ್ತೆ ಸೊರಗಿದರೆಂದೂ ವೈದ್ಯಚರಿತ್ರೆ ಹೇಳುತ್ತದೆ. ೧೯೫೦ರಲ್ಲಿ ಡಿಕೆ ತಮ್ಮ ಪ್ರೌಢಪ್ರಬಂಧದಲ್ಲಿ ಈ ವಿಷಯವನ್ನು ಪ್ರತಿಪಾದಿಸಿದರು.

ದೋಷಿ ಯಾವುದು? ಗೋಧಿಹಿಟ್ಟನ್ನು ಕಲಸಿ ನಾದಿದಾಗ ಅದಕ್ಕೆ ಜಿಗುಟು ಬರುತ್ತದಲ್ಲವೆ? ಕಣಕ ಹರಿಯದೆ ಹಿಗ್ಗುವುದು ಆ ಜಿಗುಟಿನಿಂದ. ಆ ಜಿಗುಟಿನ ಪ್ರೋಟೀನಿಗೆ ಗ್ಲುಟೆನ್ ಎಂದು ಹೆಸರು. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಹಾನಿಕರವಾದ ಈ ಜಾತಿಯ ಪ್ರೋಟೀನಿದೆ. ಮೈದಾ, ಸೂಜಿರವೆ, ಚಿರೋಟಿರವೆ, ಗೋಧಿಯ ಶಾವಿಗೆ ಎಲ್ಲವೂ ಗೋಧಿಯೇ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಬೆಳೆಯುವ ಖಪ್ಲಿ ಗೋಧಿಯೂ ಇದಕ್ಕೆ ಹೊರತಲ್ಲ. ಹಳೆಯ ತಳಿಯೆಂದ ಮಾತ್ರಕ್ಕೆ ಈ ರೋಗಿಗಳಿಗೆ ಅದು ನಿರಪಾಯವಾಗದು. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳಗಳಲ್ಲಿ ಈ ದೋಷವಿಲ್ಲ.

ನಮ್ಮ ಸಣ್ಣ ಕರುಳಿನ ಒಳಮೈ ಮಖಮಲ್ಲಿನ ಬಟ್ಟೆಯಂತಿದೆ. ಅಲ್ಲಿರುವ ಲಕ್ಷೋಪಲಕ್ಷ ಕಿರುಬೆರಳುಗಳು ಅನ್ನರಸವನ್ನು ಹೀರಿ ರಕ್ತಕ್ಕೆ ಸೇರಿಸುತ್ತವೆ. ಸೀಲಿಯಾಕ್ ರೋಗಿ ಗೋಧಿ ತಿಂದಾಗ ಆತನ ಮೈಯ ಕಾವಲು ಪಡೆ ಗ್ಲುಟೆನನ್ನು ಶತ್ರುವೆಂದು ಬಗೆದು ಯುದ್ಧಕ್ಕೆ ಇಳಿಯುತ್ತದೆ. ಆ ಯುದ್ಧ ನಡೆಯುವುದು ಕರುಳಿನ ಅಂಗಳದಲ್ಲಿಯೇ ಆದಕಾರಣ ಕಿರುಬೆರಳುಗಳು ಸವೆದು, ಮಖಮಲ್ಲು ಬೋಳು ಬಟ್ಟೆಯಾಗುತ್ತದೆ. ತಿಂದ ಅನ್ನ ಹೊಟ್ಟೆಯಲ್ಲಿದ್ದರೂ ಮೈಗೆ ಹತ್ತುವುದಿಲ್ಲ.

೨. ಹುಟ್ಟಿನ ಪಾಲು

ಎಲ್ಲರೂ ಗೋಧಿ ತಿನ್ನುವಾಗ ಕೆಲವರಲ್ಲಿ ಮಾತ್ರ ಹೀಗಾಗಲು ಕಾರಣವೇನು? ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಇಪ್ಪತ್ತಮೂರು ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ಆರನೆಯ ಜೊತೆಯ ಮೇಲೆ ಎಚ್.ಎಲ್.ಎ. ಎಂಬ ಜೀನುಗಳ ಕೇರಿಯಿದೆ. ಮೈಯ ಕಾವಲು ಪಡೆಗೆ ಕಣ್ಣು ಕೈ ಒದಗಿಸುವ ಜೀನುಗಳು ಅಲ್ಲಿವೆ. ಅವುಗಳಲ್ಲಿ ಡಿಕ್ಯು ಎಂಬ ಜೀನುಗಳು ತಯಾರಿಸುವ ವಸ್ತುವಿನ ಕೆಲಸ ವಿಚಿತ್ರವಾದುದು. ಹೊರಗಿನಿಂದ ಬಂದ ಪ್ರೋಟೀನಿನ ಚೂರುಗಳನ್ನು ಅದು ಹಿಡಿದೆತ್ತಿ, “ಇದು ನಮ್ಮದೋ ಹೊರಗಿನದೋ ನೋಡಿ” ಎಂದು ಕಾವಲು ಕೋಶಗಳಿಗೆ ತೋರಿಸುತ್ತದೆ.

ಈ ಹಿಡಿಯುವ ವಸ್ತುವನ್ನು ನಾವು ಅಡಕತ್ತರಿಗೆ ಹೋಲಿಸಬಹುದು. ಅಡಕತ್ತರಿಗೆ ಎರಡು ತೋಳು. ಎರಡೂ ಕೂಡಿದರೆ ಮಾತ್ರ ಅಡಕೆ ಸಿಕ್ಕುತ್ತದೆ. ಡಿಕ್ಯುವಿಗೂ ಎರಡು ತೋಳು. ತೋಳುಗಳ ರೂಪ ಮನುಷ್ಯರಲ್ಲಿ ಬಗೆಬಗೆಯಾಗಿದೆ. ಡಿಕ್ಯು-೨ ಎಂಬ ರೂಪದ ಅಡಕತ್ತರಿಗೂ, ಸ್ವಲ್ಪಮಟ್ಟಿಗೆ ಡಿಕ್ಯು-೮ ಎಂಬುದಕ್ಕೂ, ಗ್ಲುಟೆನಿನ ಚೂರು ಅಚ್ಚುಕಟ್ಟಾಗಿ ಸಿಕ್ಕಿಕೊಳ್ಳುತ್ತದೆ. ಮಿಕ್ಕ ರೂಪಗಳಲ್ಲಿ ಅದು ಜಾರಿಹೋಗುತ್ತದೆ. ಡಿಕ್ಯು-೨ರ ಒಂದು ಬಗೆಗೂ ಈ ರೋಗಕ್ಕೂ ಇರುವ ನಂಟನ್ನು ನಾರ್ವೆಯ ಓಸ್ಲೋ ನಗರದ ವಿಜ್ಞಾನಿಗಳು ೧೯೮೯ರಲ್ಲಿ ಖಚಿತಪಡಿಸಿದರು. ಸೀಲಿಯಾಕ್ ರೋಗಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಯಲ್ಲಿ ಡಿಕ್ಯು-೨ ಇರುತ್ತದೆ. ಉಳಿದವರಲ್ಲಿ ಬಹುಪಾಲು ಡಿಕ್ಯು-೮. ಎರಡೂ ಇಲ್ಲದವರಿಗೆ ಈ ರೋಗ ಬರುವುದು ಅತ್ಯಂತ ವಿರಳ.

ಇಲ್ಲೊಂದು ಸ್ವಾರಸ್ಯವಿದೆ. ಅಪಾಯದ ಎರಡು ತೋಳುಗಳೂ ಒಮ್ಮೊಮ್ಮೆ ಒಬ್ಬರಿಂದಲೇ, ಒಂದೇ ವರ್ಣತಂತುವಿನ ಮೇಲೆ ಬರುತ್ತವೆ. ಒಮ್ಮೊಮ್ಮೆ ಒಂದು ತೋಳು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದು ಮಗುವಿನಲ್ಲಿ ಕೂಡಿಕೊಳ್ಳುತ್ತವೆ. ಆಗ ತಂದೆಯಲ್ಲಿಯೂ ತಾಯಿಯಲ್ಲಿಯೂ ಪೂರ್ಣವಾಗಿಲ್ಲದ ಅಡಕತ್ತರಿ ಮಗುವಿನಲ್ಲಿ ಪೂರ್ಣವಾಗಿರುತ್ತದೆ. “ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ ಕಾಯಿಲೆ ಇವನಿಗೆ ಹೇಗೆ ಬಂತು?” ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ.

೩. ಒಂದೇ ಜೀನು, ಬೇರೆ ಬೇರೆ ಸೀಮೆ

ಹಾಗಾದರೆ ಈ ಜೀನು ಉತ್ತರದ ಗೋಧಿ ಸೀಮೆಯವರಲ್ಲಿ ಮಾತ್ರ ಇದ್ದು, ಅಕ್ಕಿ ರಾಗಿ ಉಣ್ಣುವ ನಮ್ಮಲ್ಲಿ ಇಲ್ಲವೆ? ಬಹುಕಾಲ ಹಾಗೆಂದೇ ಅನೇಕರು ಭಾವಿಸಿದ್ದರು. ೧೯೬೬ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಭಾರತದ ವೈದ್ಯರ ಎರಡು ಲೇಖನಗಳು ಬಂದವು. ಒಂದು ಉತ್ತರ ಭಾರತದ ಮಕ್ಕಳಲ್ಲಿ ಕಂಡ ಸೀಲಿಯಾಕ್ ರೋಗವನ್ನು ಕುರಿತದ್ದು, ಇನ್ನೊಂದು ವಯಸ್ಕರಲ್ಲಿ ಕಂಡದ್ದು. ಅಂದಿನಿಂದ ಇದು ಪಂಜಾಬು, ದೆಹಲಿಯ ಕಡೆಯ ಕಾಯಿಲೆಯೆಂಬ ಅಭಿಪ್ರಾಯ ಬೇರೂರಿತು.

೨೦೧೬ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಬಿ. ಎಸ್. ರಾಮಕೃಷ್ಣ, ಗೋವಿಂದ ಮಖಾರಿಯಾ ಮೊದಲಾದ ವೈದ್ಯರು ದೇಶದ ಉತ್ತರ, ಈಶಾನ್ಯ, ದಕ್ಷಿಣ ಭಾಗಗಳಲ್ಲಿ ೨೩ ಸಾವಿರಕ್ಕೂ ಮಿಕ್ಕ ವಯಸ್ಕರನ್ನು ಪರೀಕ್ಷಿಸಿದರು. ಸಾವಿರ ಮಂದಿಗೆ ಉತ್ತರದಲ್ಲಿ ೮.೫೩, ಈಶಾನ್ಯದಲ್ಲಿ ೪.೬೬, ದಕ್ಷಿಣದಲ್ಲಿ ಕೇವಲ ೦.೧೧ ಎಂಬ ಪ್ರಮಾಣದಲ್ಲಿ ರೋಗ ಕಂಡಿತು. ಅಂದರೆ ದಕ್ಷಿಣದಲ್ಲಿ ಸುಮಾರು ಒಂಬತ್ತು ಸಾವಿರಕ್ಕೆ ಒಬ್ಬರು. ಆದರೆ ಜೀನುಗಳನ್ನು ನೋಡಿದಾಗ ಕಂಡದ್ದೇ ಬೇರೆ. ಡಿಕ್ಯು-೨ ಅಥವಾ ಡಿಕ್ಯು-೮ ಇದ್ದವರು ಮೂರು ಸೀಮೆಗಳಲ್ಲಿಯೂ ಹೆಚ್ಚುಕಡಿಮೆ ಸಮನಾಗಿ, ಸುಮಾರು ಮೂರರಲ್ಲಿ ಒಂದು ಪಾಲು ಇದ್ದರು.

ಈ ಅಂಕಿಗಳನ್ನು ವಾಚಕರು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮ ವಾಚನಾಲಯದ ಮೇಜಿನ ಸುತ್ತ ಒಂಬತ್ತು ಮಂದಿ ಕುಳಿತು ಪತ್ರಿಕೆ ಓದುತ್ತಿದ್ದರೆ, ಈ ಲೆಕ್ಕದ ಪ್ರಕಾರ ಅವರಲ್ಲಿ ಮೂವರ ಮೈಯಲ್ಲಿ ಆ ಅಡಕತ್ತರಿ ಇರಬಹುದು. ಆ ಮೂವರೂ ರೋಗಿಗಳಲ್ಲ. ಬಹುಶಃ ಒಬ್ಬರೂ ಅಲ್ಲ. ಗೋಧಿ ಧಾರಾಳವಾಗಿ ಉಣ್ಣುವ ದೇಶಗಳಲ್ಲಿಯೂ ಈ ಜೀನಿದ್ದವರಲ್ಲಿ ನೂರಕ್ಕೆ ಕೆಲವೇ ಮಂದಿಗೆ ರೋಗ ಬರುತ್ತದೆ. ಜೀನು ಬಾಗಿಲು ಮಾತ್ರ; ಬಾಗಿಲು ಇದ್ದ ಮಾತ್ರಕ್ಕೆ ಕಳ್ಳ ಬಂದನೆಂದು ಅರ್ಥವಲ್ಲ.

ಹಾಗಾದರೆ ದಕ್ಷಿಣದವರನ್ನು ಕಾಪಾಡಿದುದು ಯಾವುದು? ಅದೇ ಸಮೀಕ್ಷೆಯಲ್ಲಿ ಊಟದ ಲೆಕ್ಕವೂ ಇದೆ. ಉತ್ತರದವರು ದಿನಕ್ಕೆ ಸರಾಸರಿ ೪೫೦ ಗ್ರಾಂ ಆಸುಪಾಸು ಗೋಧಿ ತಿನ್ನುತ್ತಿದ್ದರೆ, ದಕ್ಷಿಣದವರು ತಿನ್ನುತ್ತಿದ್ದುದು ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಮೆ. ತಟ್ಟೆಯಲ್ಲಿ ಗೋಧಿ ಇಲ್ಲದಿದ್ದರೆ ಅಡಕತ್ತರಿಗೆ ಕೆಲಸವಿಲ್ಲ. ಆದರೂ ಎಲ್ಲವನ್ನೂ ಗೋಧಿಯ ತೂಕಕ್ಕೆ ಕಟ್ಟಿಬಿಡುವಂತಿಲ್ಲ. ಈಶಾನ್ಯದವರು ತಿನ್ನುತ್ತಿದ್ದ ಗೋಧಿಯೂ ದಕ್ಷಿಣದವರಷ್ಟೇ ಅಲ್ಪ. ರೋಗ ಮಾತ್ರ ಅಲ್ಲಿ ನಲವತ್ತು ಪಾಲು ಹೆಚ್ಚು. ಆದುದರಿಂದ ಆ ಒಂದು ಜೀನಿನ ಹಿಂದೆ ಬೇರೆ ಜೀನುಗಳೂ ಬೇರೆ ಕಾರಣಗಳೂ ಕೆಲಸ ಮಾಡುತ್ತಿರಬೇಕು.

ವಲಸೆ ಹೋದವರ ಕಥೆಯೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಲೆಸ್ಟರ್ ಸೀಮೆಯಲ್ಲಿ ನೆಲೆಸಿದ ನಮ್ಮ ದೇಶದ ಮೂಲದವರನ್ನು ಕುರಿತು ೧೯೯೩ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಪಂಜಾಬಿಗಳಲ್ಲಿ ಈ ರೋಗ ಅಲ್ಲಿಯ ಬಿಳಿಯರಿಗಿಂತಲೂ ಹೆಚ್ಚಾಗಿಯೂ, ಗುಜರಾತಿಗಳಲ್ಲಿ ಕಡಮೆಯಾಗಿಯೂ ಕಂಡಿತು. ಒಂದೇ ಊರು, ಒಂದೇ ನೀರು. ಬೇರೆ ಹುಟ್ಟು, ಬೇರೆ ಅಡಿಗೆಮನೆ. ನೀರನ್ನು ಮಾತ್ರ ದೂರುವವರು ಈ ದೃಷ್ಟಾಂತವನ್ನು ಗಮನಿಸತಕ್ಕದ್ದು.

೪. ವಯಸ್ಕರಲ್ಲಿ ರೋಗದ ವೇಷಗಳು

ಸೀಲಿಯಾಕ್ ಎಂದರೆ ಸೊರಗಿದ ಕೈಕಾಲು, ಉಬ್ಬಿದ ಹೊಟ್ಟೆ, ನಿಲ್ಲದ ಭೇದಿಯ ಮಗು ಎಂಬ ಚಿತ್ರ ಹಳೆಯ ಪುಸ್ತಕಗಳದು. ಆ ಚಿತ್ರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ರೋಗ ಯಾವ ವಯಸ್ಸಿನಲ್ಲಿಯೂ ತಲೆ ಎತ್ತಬಹುದು. ವಯಸ್ಕರಲ್ಲಿ ಎಷ್ಟೋ ಮಂದಿಗೆ ಭೇದಿಯೇ ಇರುವುದಿಲ್ಲ. ಭೇದಿ, ತೂಕ ಇಳಿಯುವುದು ಮೊದಲಾದ ಲಕ್ಷಣಗಳಿದ್ದರೆ ಅದನ್ನು ರೂಢಿಯ ರೂಪವೆಂದೂ, ಅವಿಲ್ಲದೆ ಬೇರೆ ತೊಂದರೆಗಳಿಂದ ಬಯಲಾದರೆ ರೂಢಿಯಲ್ಲದ ರೂಪವೆಂದೂ ವೈದ್ಯರು ವಿಂಗಡಿಸುತ್ತಾರೆ.

ರೂಢಿಯಲ್ಲದ ರೂಪದ ಮೊದಲ ಗುರುತು ರಕ್ತಹೀನತೆ. ಇದಕ್ಕೆ ಕಾರಣ ಸುಲಭವಾಗಿ ತಿಳಿಯುವಂಥದು. ಅನ್ನದಲ್ಲಿರುವ ಕಬ್ಬಿಣದ ಅಂಶವನ್ನು ಹೀರುವುದು ಸಣ್ಣ ಕರುಳಿನ ಮೊದಲ ತುಂಡು; ಗೋಧಿಯ ಏಟು ಎಲ್ಲಕ್ಕಿಂತ ಹೆಚ್ಚಾಗಿ ಬೀಳುವುದೂ ಅದೇ ತುಂಡಿಗೆ. ಆದುದರಿಂದ ಕಬ್ಬಿಣದ ಗುಳಿಗೆ ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರುವುದಿಲ್ಲ. ಸುಣ್ಣದ ಅಂಶ ಹೀರದೆ ಎಲುಬು ಟೊಳ್ಳಾಗುವುದು, ಸದಾ ದಣಿವು, ಬಾಯಿಹುಣ್ಣು ಮರುಕಳಿಸುವುದು, ಕೈಕಾಲು ಜೋಮು, ಹೆಂಗಸರಲ್ಲಿ ಗರ್ಭ ನಿಲ್ಲದಿರುವುದು, ಯಕೃತ್ತಿನ ರಕ್ತಪರೀಕ್ಷೆಯಲ್ಲಿ ಕಾರಣವಿಲ್ಲದ ಏರುಪೇರು, ಇವೂ ಇದರ ವೇಷಗಳಾಗಬಹುದು. ಇನ್ನು ಕೆಲವರಿಗೆ ಮೊಣಕೈ, ಮೊಣಕಾಲು, ಪೃಷ್ಠಗಳ ಮೇಲೆ ವಿಪರೀತ ತುರಿಸುವ ಸಣ್ಣ ಗುಳ್ಳೆಗಳೇಳುತ್ತವೆ. ಚರ್ಮದ ಈ ರೋಗವೂ ಗೋಧಿಯದೇ ಎಂಬುದು ರೋಗಿಗೆ ಹೊಳೆಯುವುದು ಕಷ್ಟ.

ಜೀನುಗಳು ಒಂದೇ ಆಗಿದ್ದರೆ ವೇಷವೂ ಒಂದೇ ಆಗಬೇಡವೆ? ಇದಕ್ಕೆ ಅವಳಿಗಳು ಉತ್ತರ ಹೇಳಿದ್ದಾರೆ. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಜೀನುಗಳೆಲ್ಲ ಒಂದೇ. ಇಟಲಿಯಲ್ಲಿ ೨೦೦೨ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತದ್ರೂಪಿ ಅವಳಿಗಳ ನಾಲ್ಕು ಜೋಡಿಗಳಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೂ ರೋಗವಿತ್ತು; ತದ್ರೂಪಿಗಳಲ್ಲದ ಅವಳಿಗಳಲ್ಲಿ ಹತ್ತಕ್ಕೆ ಒಂದರಷ್ಟು ಜೋಡಿಗಳಲ್ಲಿ ಮಾತ್ರ. ಹುಟ್ಟಿನ ಪಾಲು ಎಷ್ಟು ದೊಡ್ಡದೆಂದು ಇದರಿಂದ ತಿಳಿಯುತ್ತದೆ. ಆದರೆ ಫಿನ್ಲೆಂಡಿನ ವೈದ್ಯರು ೨೦೦೦ದಲ್ಲಿ ವರದಿ ಮಾಡಿದ ತದ್ರೂಪಿ ಅವಳಿಗಳಲ್ಲಿ, ಒಬ್ಬರಿಗೆ ಮೇಲೆ ಹೇಳಿದ ಚರ್ಮದ ಗುಳ್ಳೆಗಳೂ ಇನ್ನೊಬ್ಬರಿಗೆ ಕರುಳಿನ ರೋಗ ಮಾತ್ರವೂ ಇದ್ದ ಜೋಡಿಗಳಿದ್ದವು. ಜೀನುಗಳೆಲ್ಲ ಒಂದೇ ಆದರೂ ಮುಖ ಎರಡು. ಬೀಜ ಒಂದಾದರೂ ಗದ್ದೆ, ಮಳೆ, ಬಿಸಿಲು ಬೇರೆಯಾದರೆ ಪೈರು ಬೇರೆಯಾಗುವುದಿಲ್ಲವೆ?

ಹಾಗೆಂದು ವೇಷದಲ್ಲಿ ಜೀನಿನ ಕೈವಾಡವೇ ಇಲ್ಲವೆಂದಲ್ಲ. ಮೂರು ಸಂಗತಿಗಳನ್ನು ಇಲ್ಲಿ ಹೇಳಬಹುದು.

ಮೊದಲನೆಯದು ಪ್ರಮಾಣ. ಡಿಕ್ಯು-೨ರ ಬಲವಾದ ರೂಪ ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ಅಪಾಯ ಹೆಚ್ಚು; ಗ್ಲುಟೆನ್ ಹಿಡಿದು ತೋರಿಸುವ ಕೈಗಳೇ ಇಮ್ಮಡಿಯಾದಂತೆ. ಆಮ್‌ಸ್ಟರ್‌ಡಾಮಿನ ವೈದ್ಯರು ೨೦೦೬ರಲ್ಲಿ ತಿಳಿಸಿದಂತೆ, ಸಾಮಾನ್ಯ ರೋಗಿಗಳಲ್ಲಿ ನೂರಕ್ಕೆ ಸುಮಾರು ೨೧ ಮಂದಿ ಇಂಥ ಇಮ್ಮಡಿಯವರು. ಪಥ್ಯ ಮಾಡಿದರೂ ಗುಣವಾಗದ ಕಠಿಣ ರೂಪದಲ್ಲಿ ೪೪ ಮಂದಿ. ಅದರಿಂದ ಮುಂದೆ ಹುಟ್ಟುವ ಕರುಳಿನ ಅರ್ಬುದದಲ್ಲಿ ೫೩ ಮಂದಿ. ಈ ಕಠಿಣ ರೂಪಗಳು ಬಹು ವಿರಳವೆಂಬುದನ್ನು ಮರೆಯಬಾರದು. ಸಾಮಾನ್ಯ ರೋಗಿಗೆ ಭೇದಿ ಬರುವುದೋ ರಕ್ತಹೀನತೆ ಬರುವುದೋ ಎಂಬುದನ್ನು ಈ ಇಮ್ಮಡಿ ನಿರ್ಧರಿಸುತ್ತದೆಯೆ ಎಂಬ ವಿಷಯದಲ್ಲಿ ಮಾತ್ರ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ; ಕೆಲವು ಹೌದೆಂದಿವೆ, ಕೆಲವು ಇಲ್ಲವೆಂದಿವೆ.

ಎರಡನೆಯದು ಜೊತೆಗಾರ ಜೀನುಗಳು. ಡಿಕ್ಯು ಜೀನುಗಳಲ್ಲದೆ ಈ ರೋಗಕ್ಕೆ ಸಂಬಂಧಿಸಿದ ನಲವತ್ತಕ್ಕೂ ಹೆಚ್ಚು ತಾಣಗಳು ನಮ್ಮ ವರ್ಣತಂತುಗಳ ಮೇಲೆ ಇವೆ. ಒಂದೊಂದರ ಬಲ ಅತ್ಯಲ್ಪ. ಎಲ್ಲವೂ ಕೂಡಿದಾಗ ಹೊರೆಯಾಗುತ್ತದೆ. ಅವುಗಳಲ್ಲಿ ಕೆಲವು ಚಿಕ್ಕಂದಿನಲ್ಲಿಯೇ ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆಗೂ ಸೇರಿದುವೆಂದು ೨೦೦೮ರಲ್ಲಿ ತೋರಿಸಲಾಯಿತು. ಆ ಬಗೆಯ ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಕೆಲವು ಕಾಯಿಲೆಗಳು ಒಂದೇ ಮನೆಯಲ್ಲಿ, ಒಂದೇ ಮೈಯಲ್ಲಿ ಸೀಲಿಯಾಕಿನೊಡನೆ ಕಾಣಿಸಿಕೊಳ್ಳುವುದು ಈ ನೆಂಟಸ್ತನದಿಂದಲೇ.

ಮೂರನೆಯದು ಮೈಯ ಮಿಕ್ಕ ಸ್ಥಿತಿ. ರೋಗ ಪತ್ತೆಯಾಗುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವ ಹೆಂಗಸಿಗೆ ಕರುಳಿನ ಸ್ವಲ್ಪ ಸವಕಳಿಯೇ ರಕ್ತಹೀನತೆಯಾಗಿ ತೋರಬಹುದು. ಅಷ್ಟೇ ಸವೆದ ಕರುಳಿನ ಗಂಡಸು ಇನ್ನೂ ಕೆಲವು ಕಾಲ ಏನೂ ತಿಳಿಯದೆ ಓಡಾಡಿಕೊಂಡಿರಬಹುದು.

೫. ಮೋಸಗೊಳಿಸುವ ನೆರೆಹೊರೆ

ಇಷ್ಟು ಓದಿ, ಬಿಳಿಚಿಕೊಂಡವರೆಲ್ಲ ಸೀಲಿಯಾಕ್ ರೋಗಿಗಳೆಂದು ಯಾರೂ ಹೆದರಬೇಕಾಗಿಲ್ಲ. ನಮ್ಮ ದೇಶದಲ್ಲಿ ರಕ್ತಹೀನತೆಗೆ ಕಬ್ಬಿಣಾಂಶ ಸಾಲದ ಊಟ, ಕೊಕ್ಕೆಹುಳು, ಮೂಲವ್ಯಾಧಿ, ಹೊಟ್ಟೆಹುಣ್ಣು, ಹೆಚ್ಚಾದ ಮುಟ್ಟಿನ ಸ್ರಾವ ಇವೇ ಹೆಚ್ಚಿನ ಕಾರಣಗಳು. ಉಷ್ಣವಲಯದ ಸ್ಪ್ರೂ ಎಂಬ ಇನ್ನೊಂದು ಕಾಯಿಲೆಯೂ ಕರುಳನ್ನು ಹೀಗೆಯೇ ಸವೆಸುತ್ತದೆ. ದಕ್ಷಿಣ ಭಾರತಕ್ಕೂ ಬಂಗಾಳಕ್ಕೂ ಅದು ಹಳೆಯ ಪರಿಚಯ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬೇಕರ್ ಮತ್ತು ಮಥನ್ ಎಂಬ ವೈದ್ಯರು ಅದನ್ನು ಆಳವಾಗಿ ಅಭ್ಯಾಸ ಮಾಡಿದ್ದರು. ಅದಕ್ಕೆ ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್ ಜಾತಿಯ ಔಷಧಗಳು ಮದ್ದು, ಗೋಧಿ ಬಿಡುವುದಲ್ಲ. ಒಂದರ ಮದ್ದು ಇನ್ನೊಂದಕ್ಕೆ ನಾಟದು.

ಇನ್ನೊಂದು ನೆರೆಯವರೆಂದರೆ ಹಾಲು. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದುವುದು ಉತ್ತರದವರಿಗಿಂತ ದಕ್ಷಿಣದವರಲ್ಲಿ ಹೆಚ್ಚು. ಅದೂ ಹುಟ್ಟಿನಿಂದ ಬಂದದ್ದೇ, ಆದರೆ ಬೇರೊಂದು ಜೀನಿನ ಕೆಲಸ. ಒಂದು ದೊಡ್ಡ ಲೋಟ ಹಾಲು ಕುಡಿದು ಹೊಟ್ಟೆ ಗುಡುಗುಡಿಸಿದರೆ, ಜೊತೆಯಲ್ಲಿ ತಿಂದ ಲೂಚಿಯನ್ನು ದೂರುವುದು ನ್ಯಾಯವಲ್ಲ. ಆದುದರಿಂದ ಊಹೆಯಿಂದ ತೀರ್ಪು ಕೊಡದೆ ಪರೀಕ್ಷೆಗೆ ಹೋಗಬೇಕು.

೬. ಪರೀಕ್ಷೆಯ ಕ್ರಮ

ಇಲ್ಲಿ ಒಂದು ನಿಯಮವನ್ನು ನೆನಪಿಡಬೇಕು: ಪರೀಕ್ಷೆಗೆ ಮುಂಚೆ ಗೋಧಿ ಬಿಡಬಾರದು. ಬಿಟ್ಟು ಕೆಲವು ತಿಂಗಳಾದರೆ ಕಾವಲು ಪಡೆ ಸುಮ್ಮನಾಗುತ್ತದೆ, ಕರುಳು ಚಿಗುರುತ್ತದೆ, ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ರೋಗವಿದ್ದರೂ ಇಲ್ಲವೆಂಬ ಚೀಟಿ ಕೈಗೆ ಬರುತ್ತದೆ.

ಮೊದಲ ಪರೀಕ್ಷೆ ರಕ್ತದ್ದು. ಕರುಳಿನಲ್ಲಿ ಟಿಷ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಒಂದು ವಸ್ತುವಿದೆ. ಗ್ಲುಟೆನಿನ ಚೂರನ್ನು ಸ್ವಲ್ಪ ಮಾರ್ಪಡಿಸಿ, ಅಡಕತ್ತರಿಗೆ ಇನ್ನೂ ಚೆನ್ನಾಗಿ ಹೊಂದುವಂತೆ ಮಾಡುವುದು ಅದೇ. ಕಾವಲು ಪಡೆ ಇದರ ಮೇಲೂ ತಿರುಗಿಬೀಳುತ್ತದೆಂದು ಜರ್ಮನಿಯ ವಿಜ್ಞಾನಿಗಳು ೧೯೯೭ರಲ್ಲಿ ಕಂಡುಹಿಡಿದರು. ಆ ಪ್ರತಿಕಾಯವನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಗೆ ಟಿ.ಟಿ.ಜಿ. ಐ.ಜಿ.ಎ. ಎಂದು ಹೆಸರು. ಕೆಲವರ ಮೈಯಲ್ಲಿ ಐ.ಜಿ.ಎ. ಎಂಬ ಜಾತಿಯ ಪ್ರತಿಕಾಯವೇ ಹುಟ್ಟುವುದಿಲ್ಲವಾದ್ದರಿಂದ, ಒಟ್ಟು ಐ.ಜಿ.ಎ. ಎಷ್ಟಿದೆಯೆಂಬುದನ್ನೂ ಕೂಡಿಸಿ ನೋಡಬೇಕಾಗುತ್ತದೆ. ಇದರಲ್ಲಿ ಸಂಶಯ ಬಂದರೆ, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಸಣ್ಣ ಕರುಳಿನ ಮೊದಲ ಭಾಗದಿಂದ ಚಿಟಿಕೆಯಷ್ಟು ತುಣುಕುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಿರುಬೆರಳುಗಳು ಸವೆದಿವೆಯೆ ಇಲ್ಲವೆ ಎಂಬುದು ಅಲ್ಲಿ ತಿಳಿಯುತ್ತದೆ. ನಮಗೆ ಸಮೀಪದ ಎಸ್.ಎಸ್.ಕೆ.ಎಂ. ಸರಕಾರಿ ಆಸ್ಪತ್ರೆಯಲ್ಲಿ ಕರುಳು ಮತ್ತು ಯಕೃತ್ತಿನ ಕಾಯಿಲೆಗಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಜೀನಿನ ಪರೀಕ್ಷೆ ಎಲ್ಲಿ ಬಂತು? ಅದು ಮೊದಲನೆಯ ಪರೀಕ್ಷೆಯಲ್ಲ. ಡಿಕ್ಯು-೨ ಇದೆಯೆಂದು ಬಂದರೆ ಅದಕ್ಕೆ ಹೆಚ್ಚು ಅರ್ಥವಿಲ್ಲ. ಮೂವರಲ್ಲಿ ಒಬ್ಬರಿಗೆ ಇದ್ದೇ ಇದೆಯಲ್ಲ! ಎರಡೂ ಇಲ್ಲವೆಂದು ಬಂದರೆ ಮಾತ್ರ ಅದಕ್ಕೆ ಬೆಲೆ. ಆಗ ಸೀಲಿಯಾಕ್ ಅಲ್ಲವೆಂದು ಬಹುಮಟ್ಟಿಗೆ ಹೇಳಬಹುದು. ಆಗಲೇ ಗೋಧಿ ಬಿಟ್ಟು ಕುಳಿತವರಲ್ಲಿ, ಮಿಕ್ಕ ಪರೀಕ್ಷೆಗಳು ಒಂದಕ್ಕೊಂದು ಹೊಂದದಿದ್ದಾಗ ಇದು ಉಪಯೋಗಕ್ಕೆ ಬರುತ್ತದೆ. “ಜೀನು ಇದೆ, ಆದ್ದರಿಂದ ರೋಗವಿದೆ” ಎಂಬ ಮಾತನ್ನು ನಂಬಿ ತಿಂಗಳ ಸಂಬಳದ ದೊಡ್ಡ ಪಾಲನ್ನು ಇದಕ್ಕೆ ಸುರಿಯಬೇಕಾದದ್ದಿಲ್ಲ.

೭. ಪಥ್ಯ

ರೋಗ ಖಚಿತವಾದರೆ ಮದ್ದು ಒಂದೇ, ಜೀವನಪರ್ಯಂತ ಗ್ಲುಟೆನ್ ಬಿಡುವುದು. ಇದನ್ನು ಕೇಳಿದೊಡನೆ ಉತ್ತರದವರಿಗೆ ಜಗತ್ತೇ ಮುಳುಗಿದಂತಾಗುತ್ತದೆ. ನಮಗೆ ಹಾಗಿಲ್ಲ. ಮುದ್ದೆ, ಜೋಳದ ರೊಟ್ಟಿ, ಅಕ್ಕಿರೊಟ್ಟಿ, ಇಡ್ಲಿ, ದೋಸೆ, ಅವಲಕ್ಕಿ, ಅಕ್ಕಿಯ ಹುಗ್ಗಿ, ಮೊಸರನ್ನ, ಬೇಳೆಕಾಳು ಇವೆಲ್ಲ ಉಣ್ಣಬಹುದಾದುವೇ. ಬಂಗಾಳವೂ ಅನ್ನದ ನಾಡು. ಭಾತ್, ಮುಡಿ ಎಂಬ ಮಂಡಕ್ಕಿ, ಚಿಡೆ ಎಂಬ ಅವಲಕ್ಕಿ, ಖೋಯಿ ಎಂಬ ಅರಳು ಇಲ್ಲಿ ಮೂಲೆಮೂಲೆಯಲ್ಲಿಯೂ ಸಿಗುತ್ತವೆ.

ಕಷ್ಟವಿರುವುದು ಮರೆಯಲ್ಲಿ ನಿಂತ ಗೋಧಿಯಲ್ಲಿ. ಸಾರಿಗೆ ಹಾಕುವ ಡಬ್ಬಿಯ ಇಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ಡಬ್ಬಿಯ ಮೇಲಿನ ಬರಹ ಓದಬೇಕು. ಚೀನೀ ಅಡಿಗೆಯ ಸೋಯಾ ಸಾಸಿನಲ್ಲಿ ಗೋಧಿಯಿರುವುದುಂಟು. ಮಾಲ್ಟ್ ಬೆರೆಸಿದ ಹಾಲಿನ ಪುಡಿಗಳಲ್ಲಿ ಬಾರ್ಲಿಯಿದೆ. ರವೆ ಇಡ್ಲಿ, ರವೆ ದೋಸೆ ಹೆಸರಿಗೆ ಇಡ್ಲಿ ದೋಸೆಗಳಾದರೂ ಗೋಧಿಯವೇ. ಸಂದೇಶದಲ್ಲಿ ಸಾಮಾನ್ಯವಾಗಿ ಛೇನ ಮತ್ತು ಸಕ್ಕರೆ ಅಷ್ಟೆ. ಪಾಂತುವಾದಲ್ಲಿ ಮೈದಾ ಸೇರುತ್ತದೆ, ರಸಗುಲ್ಲದಲ್ಲಿಯೂ ಒಮ್ಮೊಮ್ಮೆ ಚಿಟಿಕೆ ರವೆ ಸೇರುವುದುಂಟು. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಅದೇ ಕಲ್ಲಿನಲ್ಲಿ ರಾಗಿ ಬೀಸಿದರೆ ರಾಗಿಹಿಟ್ಟಿನಲ್ಲಿ ಗೋಧಿ ಬೆರೆಯುತ್ತದೆ. ಪರೋಟ ಬೇಯಿಸಿದ ಹೆಂಚಿನ ಮೇಲೆ ಹೊಯ್ದ ದೋಸೆಯೂ ಹಾಗೆಯೇ. ಪೊಟ್ಟಣದ ಮೇಲೆ ಗ್ಲುಟೆನ್ ರಹಿತವೆಂದು ಬರೆಯಬೇಕಾದರೆ ಕಿಲೋಗ್ರಾಮಿಗೆ ೨೦ ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂದು ನಮ್ಮ ದೇಶದ ಆಹಾರ ನಿಯಮ ಹೇಳುತ್ತದೆ. ಎಂಥ ಸಣ್ಣ ಪ್ರಮಾಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆಂಬುದು ಇದರಿಂದ ಸ್ಪಷ್ಟ. “ಹಬ್ಬಕ್ಕೆ ಒಂದು ಹೋಳಿಗೆ ತಿಂದರೆ ಏನಾದೀತು?” ಎಂಬ ಮಾತು ಪ್ರೀತಿಯಿಂದ ಬಂದದ್ದಾದರೂ ಹಾನಿಯ ಮಾತು.

ರೋಗವಿಲ್ಲದವರು ಇದನ್ನೋದಿ ಗೋಧಿ ಬಿಡಬೇಕಾಗಿಲ್ಲ. ಮೆಸ್ಸಿನಲ್ಲಿ ಅಗ್ಗವಾಗಿ ಹೊಟ್ಟೆ ತುಂಬಿಸುವ ರೋಟಿಯನ್ನು ಕಾರಣವಿಲ್ಲದೆ ದೂರ ಮಾಡಿದರೆ ನಷ್ಟವೇ ಹೊರತು ಲಾಭವಿಲ್ಲ.

೮. ಊರಿಗೆ ಬರೆಯಬೇಕಾ‌ದ ಕಾಗದ

ಒಬ್ಬರಲ್ಲಿ ರೋಗ ಪತ್ತೆಯಾದರೆ ಅದು ಅವರೊಬ್ಬರ ಸುದ್ದಿಯಲ್ಲ. ಲೋಕದ ಅನೇಕ ಅಧ್ಯಯನಗಳನ್ನು ಕೂಡಿಸಿ ೨೦೧೫ರಲ್ಲಿ ಮಾಡಿದ ಲೆಕ್ಕದಂತೆ, ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಈ ರೋಗವಿರುತ್ತದೆ. ಒಡಹುಟ್ಟಿದವರಲ್ಲಿ ಸ್ವಲ್ಪ ಹೆಚ್ಚು. ಅವರಲ್ಲಿ ಅದು ಬೇರೆ ವೇಷದಲ್ಲಿರಬಹುದು. ಇಲ್ಲಿ ತಮ್ಮನಿಗೆ ಭೇದಿಯಾಗಿ ಬಯಲಾದದ್ದು, ಊರಿನಲ್ಲಿ ಅಕ್ಕನಿಗೆ ಹೆರಿಗೆಯಾದ ಮೇಲೆ ಏರದೇ ಉಳಿದ ರಕ್ತವಾಗಿರಬಹುದು, ತಂದೆಗೆ ಮುರಿದ ಸೊಂಟದ ಎಲುಬಾಗಿರಬಹುದು. ತಮ್ಮನ ಕಾಯಿಲೆಗೂ ತನ್ನ ದಣಿವಿಗೂ ಸಂಬಂಧವಿದೆಯೆಂದು ಆ ಅಕ್ಕನಿಗೆ ಹೇಳುವವರಾರು? ದೂರದಲ್ಲಿರುವ ತಮ್ಮನೇ ಹೇಳಬೇಕು. ಆದುದರಿಂದ ಪರೀಕ್ಷೆಯ ಚೀಟಿಯ ಒಂದು ಪ್ರತಿಯನ್ನು ಊರಿಗೂ ಕಳುಹಿಸಿ, ಮನೆಯವರೆಲ್ಲರೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವಂತೆ ತಿಳಿಸಬೇಕು.

ಇನ್ನು ಇನ್ನೂ ಪರೀಕ್ಷೆಗೆ ಹೋಗದವರಿಗೆ ಒಂದು ಮಾತು. ವರ್ಷಗಟ್ಟಲೆ ರಕ್ತ ಕಡಮೆ, ಗುಳಿಗೆ ನುಂಗಿದರೂ ಏರಿಲ್ಲ, ಮಿಕ್ಕ ಕಾರಣ ಯಾವುದೂ ಸಿಕ್ಕಿಲ್ಲ ಎನ್ನುವವರು ನಮ್ಮಲ್ಲಿದ್ದರೆ, ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದುಕೊಂಡು ಹೋಗಲಿ: ಎಷ್ಟು ಕಾಲದಿಂದ ದಣಿವು, ಯಾವ ಗುಳಿಗೆ ಎಷ್ಟು ತಿಂಗಳು ನುಂಗಿದ್ದು, ಊರಿನಲ್ಲಿ ಏನು ಉಣ್ಣುತ್ತಿದ್ದೆವು ಇಲ್ಲಿ ಏನು ಉಣ್ಣುತ್ತಿದ್ದೇವೆ, ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ. “ನೀರು ಒಗ್ಗಲಿಲ್ಲ” ಎಂಬ ಒಂದು ಮಾತಿಗಿಂತ ಈ ನಾಲ್ಕು ಸಾಲು ವೈದ್ಯರಿಗೆ ಹೆಚ್ಚು ಕೆಲಸಕ್ಕೆ ಬರುತ್ತವೆ. ಬಂಗಾಳಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಅದನ್ನು ಬರೆಯಲು ತೊಡಕಾದವರಿಗೆ ವಾಚನಾಲಯದಲ್ಲಿ ಬರೆಯಬಲ್ಲವರು ದಯವಿಟ್ಟು ಬರೆದುಕೊಡಬೇಕು.